ಎರಡು ಪುಕ್ಕಟೆ ಸಿಸ್ಟಮ್, ಒಂದು ಖಾಲಿ ಮಗ್ಗ

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಗಾದೆ ಕಟ್ಟಿದವನಿಗೆ ಪುಕ್ಕಟೆ ಸಲಹೆ ಕೊಡುವವರ ಕಾಟ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ನನಗೆ ಗೊತ್ತು.

ಪೆನ್ ಡ್ರೈವ್ ಆಗತಾನೇ ನಮ್ಮ ಕಡೆ ಬಂದಿದ್ದ ಕಾಲ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಸಣ್ಣ ಅಂಗಡಿ. ನೇಕಾರರು ತಂದ ಸೀರೆಯ ಅಂಚಿನ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಚೌಕಚೌಕವಾಗಿ ತುಂಬಿ, ಹಾಳೆಯ ಮೇಲೆ ಅಚ್ಚು ಹಾಕಿ ಕೊಡುವುದು ನನ್ನ ಕೆಲಸ. ಆ ಹಾಳೆ ನೋಡಿ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು ಮಗ್ಗಕ್ಕೆ ಕಟ್ಟುತ್ತಿದ್ದರು. ನನ್ನ ಕಂಪ್ಯೂಟರನ್ನು ನಡೆಸುತ್ತಿದ್ದ ಸಿಸ್ಟಮ್ ಯಾರೋ ಹಾಕಿಕೊಟ್ಟ ಕಳ್ಳ ಪ್ರತಿ. ತಿಂಗಳಿಗೊಮ್ಮೆ ವೈರಸ್ ಹತ್ತಿ ಮಲಗುತ್ತಿತ್ತು. ಪುಕ್ಕಟೆಯೂ ಇರಬೇಕು, ಕಾಯಿದೆಗೂ ಸರಿ ಇರಬೇಕು, ಅಂಥ ಸಿಸ್ಟಮ್ ಹಾಕಿಸೋಣ ಅಂದುಕೊಂಡೆ. ಅಲ್ಲಿಂದ ಶುರುವಾಯಿತು ನನ್ನ ಸಾಡೇಸಾತಿ.

ರೋಣದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ನನ್ನ ಅಕ್ಕನ ಗಂಡ, ಭಾವ, ಲಿನಕ್ಸ್ ಅಂದ. ನರಗುಂದದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪರಿಚಯದ ಸರ್ ಬಿಎಸ್‌ಡಿ ಅಂದರು. ಎರಡೂ ಯುನಿಕ್ಸ್ ಅನ್ನುವ ಹಳೆಯ ಸಿಸ್ಟಮ್ಮಿನ ಮನೆತನದವೇ, ಎರಡಕ್ಕೂ ದುಡ್ಡಿಲ್ಲ. ಇಬ್ಬರೂ ಭಾನುವಾರ ಬಸ್ಸಿಳಿದು ಸೀದಾ ನನ್ನ ಅಂಗಡಿಗೆ ಬರುತ್ತಿದ್ದರು.

“ಲಿನಕ್ಸ್ ಅಂದ್ರ ಹತ್ತ ಮನಿ ರೊಟ್ಟಿ ಕೂಡಿಸಿದಂಗ್ರಿ. ನಮ್ಮದು ಒಂದ ಒಲಿ ಮ್ಯಾಲಿನ ಅಡಗಿ,” ಅನ್ನುತ್ತಿದ್ದರು ಸರ್.

“ಆ ಒಂದ ಒಲಿ ಆರಿತಂದ್ರ ಯಾರ ಮನಿ ಬಾಗಲಾ ಬಡಿತೀರಿ? ಇವನ ಹಳೇ ಪ್ರಿಂಟರ್ ನಡಸಾವ್ರು ನಿಮ್ಮಲ್ಲೆ ಯಾರದಾರ?” ಅನ್ನುತ್ತಿದ್ದ ಭಾವ.

ನಾನು ಚಹಾ, ಮಿರ್ಚಿ ತರಿಸುತ್ತಿದ್ದೆ. ಮೊದಲ ಭಾನುವಾರ ಭಾವ ಲಿನಕ್ಸ್ ಹಾಕಿದ. ಎರಡನೆಯ ಭಾನುವಾರ ಬರೀ ವಾದವಾಯಿತು. ಭಾವ ಎದೆ ತಟ್ಟಿ ನಡೆಸುತ್ತೇನೆ ಅಂದಿದ್ದ ಪ್ರಿಂಟರ್ ಮಾತ್ರ ಒಂದು ಗೆರೆಯನ್ನೂ ಹೊಡೆದಿರಲಿಲ್ಲ.

ಆಗ ನನ್ನ ಕೈಯಲ್ಲಿದ್ದದ್ದು ಕಾಕಿಯ ಕೆಲಸ. ಕಾಕಿ ಅಂದರೆ ನಮ್ಮ ಓಣಿಯ ನೇಕಾರ ಹೆಂಗಸು. ಇದ್ದದ್ದು ಒಂದೇ ಮಗ್ಗ, ಅದರ ಮೇಲೆಯೇ ಮನೆ ನಡೆಯಬೇಕು. ತನ್ನ ತಾಯಿಯ ಮದುವೆ ಸೀರೆಯ ಅಂಚನ್ನು ರೋಣದ ವ್ಯಾಪಾರಿಯೊಬ್ಬರಿಗೆ ತೋರಿಸಿದ್ದಳು. ಅಮಾವಾಸ್ಯೆಯೊಳಗೆ ಅಂಥದ್ದೊಂದು ಸೀರೆ ನೇಯ್ದು ತಂದರೆ ವರ್ಷದ ಕೆಲಸ ನಿನಗೇ, ಇಲ್ಲದಿದ್ದರೆ ಬೇರೆ ಮಗ್ಗಕ್ಕೆ ಅಂದಿದ್ದರು ಅವರು. ನಾನು ಒಂದು ವಾರ ಕೂತು ಆ ಅಂಚನ್ನೆಲ್ಲ ಕಂಪ್ಯೂಟರಿಗೆ ತುಂಬಿದ್ದೆ. ಅಚ್ಚು ಹಾಕುವುದೊಂದೇ ಬಾಕಿ.

ಮೂರನೆಯ ಭಾನುವಾರ ನಾನೂ ಭಾವನೂ ಊಟ ಮಾಡಿ ಬರುವಷ್ಟರಲ್ಲಿ ಸರ್ ಲಿನಕ್ಸ್ ತೆಗೆದು ತಮ್ಮದನ್ನು ಹಾಕಿದ್ದರು.

“ಡಿಸ್ಕ್ ಪೂರಾ ಸ್ವಚ್ಛ ಮಾಡೀನ್ರಿ,” ಅಂದರು, ಬಹುಮಾನ ಗೆದ್ದವರ ಹಾಗೆ.

ಕಾಕಿಯ ಅಂಚೂ ಸ್ವಚ್ಛವಾಗಿತ್ತು. ಇನ್ನೊಂದು ಪ್ರತಿ ಇಟ್ಟುಕೊಳ್ಳದ ತಪ್ಪು ನನ್ನದೇ, ಆದರೆ ಅದನ್ನು ಒಪ್ಪಿಕೊಳ್ಳುವ ತಾಳ್ಮೆ ಆಗ ಯಾರಿಗಿತ್ತು? ಕೂಗಾಡಿದೆ. ಭಾವನಾದರೂ ಸಮಾಧಾನ ಹೇಳುತ್ತಾನೆ ಅಂದುಕೊಂಡರೆ, “ಲಿನಕ್ಸ್ ಇದ್ದಿದ್ರ ಹಿಂಗ ಆಗತಿದ್ದಿಲ್ಲ ನೋಡು,” ಅಂತ ಮತ್ತೆ ಅದೇ ಪುರಾಣ ತೆಗೆದ. ಇಬ್ಬರನ್ನೂ ಬಂದ ಬಸ್ಸಿಗೇ ಹತ್ತಿಸಿಬಿಡಬೇಕು ಅನ್ನಿಸಿತು.

ಅಷ್ಟರಲ್ಲಿ ಕಾಕಿ ಬಾಗಿಲಲ್ಲಿ ನಿಂತಿದ್ದಳು. ಅಮಾವಾಸ್ಯೆಗೆ ಹನ್ನೆರಡು ದಿನ ಉಳಿದಿತ್ತು.

“ಹಾಳಿ ಕೊಡ್ತಿ ಏನ ತಮ್ಮಾ? ಮಗ್ಗ ಹಂಗ ನಿಂತೈತಿ.”

ಆದದ್ದನ್ನು ಹೇಳಿದೆ. ಕಾಕಿ ಪೂರಾ ಕೇಳಿ, ಅವರಿಬ್ಬರ ಕಡೆ ತಿರುಗಿದಳು. “ಎರಡರಾಗ ಯಾವುದು ನನ್ನ ಅಂಚು ಬರದು ಕೊಡತೈತ್ರಿ?”

ಭಾವ ಪ್ರಿಂಟರಿನ ವೈರು ಬಿಚ್ಚಿ ಮತ್ತೆ ಸಿಕ್ಕಿಸಿದ, ಸರ್ ತಮ್ಮ ಸಿಡಿಗಳನ್ನು ಚೀಲಕ್ಕೆ ತುಂಬತೊಡಗಿದರು. ಮೂರು ಭಾನುವಾರದಲ್ಲಿ ಆ ಪ್ರಶ್ನೆಯನ್ನು ನಾನೂ ಕೇಳಿರಲಿಲ್ಲ.

ಕಾಕಿ ಮಾದರಿಗೆಂದು ನನ್ನ ಕಪಾಟಿನಲ್ಲಿ ಇಟ್ಟಿದ್ದ ತನ್ನ ತಾಯಿಯ ಸೀರೆ ಇಳಿಸಿ ನೆಲದ ಮೇಲೆ ಹಾಸಿ, ಸೂಜಿಯ ತುದಿಯಿಂದ ಎಳೆ ಎಣಿಸತೊಡಗಿದಳು. “ಮೂರು ಬಿಡು, ಎರಡು ತುಂಬು. ಬರಿ.” ನಾನು ಚೌಕುಳಿ ಹಾಳೆ ಹಿಡಿದು ಅವಳೆದುರು ಕೂತೆ. ಎರಡು ದಿನ ಅವಳು ಎಣಿಸಿದಳು, ನಾನು ಪೆನ್ಸಿಲ್ಲಿನಿಂದ ತುಂಬಿದೆ. ಅವಳು ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಆ ಹಾಳೆ ನೋಡಿ ನೇಯ್ದ ಸೀರೆ ಅಮಾವಾಸ್ಯೆಯ ಹಿಂದಿನ ದಿನ ರೋಣ ಮುಟ್ಟಿತು, ವರ್ಷದ ಕೆಲಸ ಕಾಕಿಗೇ ಸಿಕ್ಕಿತು. ಕೊನೆಗೆ ನಾನು ಲಿನಕ್ಸನ್ನೇ ಮತ್ತೆ ಹಾಕಿಸಿಕೊಂಡೆ. ಅದೇ ಮೇಲು ಅಂತಲ್ಲ, ಕರೆದಾಗ ಬರಲು ನರಗುಂದಕ್ಕಿಂತ ರೋಣ ಹತ್ತಿರ ಅಂತ. ಸರ್ ಇವತ್ತಿಗೂ ಅದನ್ನು ಕ್ಷಮಿಸಿಲ್ಲ.

ಒಂದು ವಾರ ಬಿಟ್ಟು ಕಾಕಿ ಅಂಗಡಿಗೆ ಬಂದಳು. ಅದೇ ಅಂಚಿನ ಒಂದು ತುಂಡು ಬಟ್ಟೆ ತಂದಿದ್ದಳು. ಅದನ್ನು ಕಂಪ್ಯೂಟರಿನ ಮೇಲೆ ಹೊದಿಸಿ, ಮೂಲೆ ಎಳೆದು ಸರಿಮಾಡಿ, ನನ್ನ ಮುಖ ನೋಡಿದಳು.

“ಮಲಗಲಿ ಬಿಡು ತಮ್ಮಾ. ನಮ್ಮಿಬ್ಬರಕಿಂತ ಭಾಳ ದಣದೈತಿ.”