ದಿಲೀಪನ ಹಾಜರಿ

ವಾಸುವಿಗೆ ದೇವರು ರೂಪ ಕೊಡುವಾಗ ಕೈ ಬಿಗಿ ಹಿಡಿದಿದ್ದ. ಗಂಟಲಿಗೆ ಮಾತ್ರ ಧಾರಾಳವಾಗಿ ಕೊಟ್ಟಿದ್ದ. ಯಾರ ಸ್ವರವನ್ನಾದರೂ ಒಮ್ಮೆ ಕೇಳಿದರೆ ಸಾಕು, ಥೇಟ್ ಹಾಗೆಯೇ ತೆಗೆಯುತ್ತಿದ್ದ. ಈಗ ವಾಶಿ ಮಾರ್ಕೆಟ್ಟಿನ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಐವತ್ತೈದು ದಾಟಿದವನಿಗೆ ಆ ವಿದ್ಯೆಯಿಂದ ಏನಾಗಬೇಕು? ಆದರೆ ಡೊಂಬಿವಲಿಯ ರಾತ್ರಿ ಹೈಸ್ಕೂಲಿನಲ್ಲಿ ಎಷ್ಟೋ ಜನ ಎಸ್‌ಎಸ್‌ಸಿ ಮುಟ್ಟಿದ್ದು ಅವನ ಗಂಟಲಿನಿಂದಲೇ.

ಹಾಗಂತ ಅದೇನು ಮೋಸದ ಶಾಲೆಯಲ್ಲ. ಕಲಿಯುವವರೆಲ್ಲ ಊರು ಬಿಟ್ಟು ಬಂದ ಹೋಟೆಲು ಹುಡುಗರು. ಸಂಜೆ ಏಳಕ್ಕೆ ತರಗತಿ. ಗಿರಾಕಿಗಳು ನುಗ್ಗುವುದೂ ಅದೇ ಹೊತ್ತಿಗೆ. ಸೇಠ್ ಬಿಟ್ಟರೆ ಪಾಠ, ಬಿಡದಿದ್ದರೆ ಪಾತ್ರೆ. ಹಾಜರಿ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅದಕ್ಕೇ ಬಾರದವನ ಹೆಸರು ಕೂಗಿದಾಗ ವಾಸು ಹಿಂದಿನ ಬೆಂಚಿನಿಂದ ಅವನದೇ ಸ್ವರದಲ್ಲಿ ‘ಹಾಜರ್ ಸಾರ್’ ಎನ್ನುತ್ತಿದ್ದ. ಮಾನಪ್ಪ ಮಾಸ್ತರರು ತಲೆಯೆತ್ತದೆ ಗುರುತು ಹಾಕುತ್ತಿದ್ದರು. ಅವರಿಗೇನು ಗೊತ್ತಿರಲಿಲ್ಲವೇ? ಎಲ್ಲಾ ಗೊತ್ತಿತ್ತು, ಪಾಪ.

ಮೂವತ್ತೆಂಟು ವರ್ಷಗಳ ಮೇಲೆ, ಸೆಪ್ಟೆಂಬರಿನ ಒಂದು ಭಾನುವಾರ, ಆ ಬ್ಯಾಚಿನವರು ಡೊಂಬಿವಲಿಯ ಒಂದು ಸಭಾಂಗಣದಲ್ಲಿ ಸೇರಿದರು. ವಾಟ್ಸ್ಯಾಪ್ ಗ್ರೂಪ್ ಮಾಡಿ ಎಲ್ಲರನ್ನೂ ಒಟ್ಟು ಹಾಕಿದವನು ಯಜ್ಞೇಶ್ವರ. ಶಾಲೆ ಮುಚ್ಚಿದಾಗ ರದ್ದಿಗೆ ಹೊರಟಿದ್ದ ಹಾಜರಿ ಪುಸ್ತಕವನ್ನು ಎತ್ತಿಟ್ಟುಕೊಂಡವನೂ ಅವನೇ.

“ಏ ವಾಸು, ಒಂದ್ಸಲ ಹಾಜರಿ ಹೇಳು ಮಾರಾಯ! ಕಿವಿ ತಣ್ಣಗಾಗ್ಲಿ!” ಎಂದು ಎಲ್ಲರೂ ದುಂಬಾಲು ಬಿದ್ದರು.

ವಾಸು ನಗುತ್ತಾ ಎದ್ದವನು ಬಾಗಿಲ ಕಡೆ ನೋಡಿ ಹಾಗೆಯೇ ಕೂತುಬಿಟ್ಟ. ಬಾಗಿ ಅಕ್ಕ ಮಗನ ಕೈ ಹಿಡಿದುಕೊಂಡು ಒಳಗೆ ಬರುತ್ತಿದ್ದಳು. ದಿಲೀಪನ ಅಕ್ಕ. ಹಳೇ ಹಾಜರಿ ಪುಸ್ತಕ ಸಿಕ್ಕಿದೆಯೆಂದು ಕೇಳಿ ಬಂದಿದ್ದಳು.

ದಿಲೀಪ ವಾಸುವಿನ ಪಕ್ಕದ ಬೆಂಚಿನವನು. ಅಕ್ಕ-ಭಾವನ ಜೊತೆ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿದ್ದುಕೊಂಡು ಸ್ಟೇಷನ್ನಿನ ಆಚೆ ಹೋಟೆಲಿನಲ್ಲಿ ದುಡಿಯುತ್ತಿದ್ದ. ಎಂಬತ್ತೇಳರ ಜನವರಿಯಲ್ಲಿ ಒಂದು ಸಂಜೆ ಶಾಲೆಗೆಂದು ಹೊರಟವನು ಮನೆಗೆ ಬರಲಿಲ್ಲ. ಭಾವ ಪೊಲೀಸರ ಹತ್ತಿರ ಓಡಿದ. ‘ಆ ಸಂಜೆ ಆರೂವರೆಗೆ ಹಳಿಯ ಮೇಲೆ ಒಬ್ಬ ಹುಡುಗನ ಹೆಣ ಸಿಕ್ಕಿದೆ, ಮುಖದ ಗುರುತಿಲ್ಲ, ಬಂದು ನೋಡಿ’ ಎಂದರು. ಭಾವ ಮೊದಲು ಶಾಲೆಗೆ ಬಂದು ಹಾಜರಿ ಪುಸ್ತಕ ನೋಡಿದ. ಏಳು ಗಂಟೆಯ ತರಗತಿಗೆ ದಿಲೀಪ ಹಾಜರ್. ‘ದೇವರು ದೊಡ್ಡವ, ಅದು ನಮ್ಮ ಹುಡುಗ ಅಲ್ಲ’ ಎಂದು ಕೈಮುಗಿದು ಹೊರಟುಹೋದ.

ಪಕ್ಕದಲ್ಲೇ ನಿಂತಿದ್ದ ವಾಸು ಆ ‘ಹಾಜರ್’ ಕೂಗಿದ್ದು ತಾನೆಂದು ಹೇಳಲಿಲ್ಲ. ಹೇಳಿದರೆ ಎರಡು ತಿಂಗಳಲ್ಲಿದ್ದ ಪರೀಕ್ಷೆ ಹೋಯಿತು. ದಿಲೀಪ ಎಲ್ಲೋ ಇದ್ದಾನು, ನಾಳೆ ಬಂದಾನು ಎಂದುಕೊಂಡ. ಹತ್ತು ದಿನವಾದರೂ ಬರದಾಗ ಒಬ್ಬನೇ ಪೊಲೀಸರ ಹತ್ತಿರ ಹೋದ. ವಾರಸುದಾರರಿಲ್ಲದ ಹೆಣವೆಂದು ಅಷ್ಟರಲ್ಲಿ ಸುಟ್ಟಾಗಿತ್ತು. ಹಳಿಯ ಮೇಲೆ ಸಿಕ್ಕಿದ್ದೆಂದು ಒಂದು ಕಂಪಾಸ್ ಬಾಕ್ಸ್ ತೋರಿಸಿದರು, ಮುಚ್ಚಳಕ್ಕೆ ತಾಮ್ರದ ತಂತಿ ಸುತ್ತಿದ್ದು. ಆ ತಂತಿ ಸುತ್ತಿದವನು ವಾಸುವೇ. ಆ ಸಂಜೆಯ ಹಿಂದಿನ ದಿನ ದಿಲೀಪ ಅದನ್ನು ಅವನಿಂದ ಕೇಳಿ ಒಯ್ದಿದ್ದ. ಸೇಠ್ ಅಪರೂಪಕ್ಕೆ ಬೇಗ ಬಿಟ್ಟಿದ್ದನೆಂದು ಹಳಿ ದಾಟಿ ಶಾಲೆಗೆ ಓಡಿ ಬರುತ್ತಿದ್ದನಂತೆ. “ಗೊತ್ತಿಲ್ಲ ಸಾಹೇಬ್” ಎಂದು ಹೇಳಿ ವಾಸು ಹೊರಗೆ ಬಂದ. ಮಾರ್ಚಿನಲ್ಲಿ ಪರೀಕ್ಷೆ ಬರೆದ, ಸೆಕೆಂಡ್ ಕ್ಲಾಸ್ ಬಂತು. ಆ ಸರ್ಟಿಫಿಕೇಟನ್ನು ಅವನು ಇಂದಿಗೂ ಗೋಡೆಗೆ ಹಾಕಿಲ್ಲ.

ಬಾಗಿ ಅಕ್ಕನನ್ನು ಕೂರಿಸಿ ಮಗ ಮನೀಶ್ ವಾಸುವಿನ ಬಳಿ ಬಂದ. ದಿಲೀಪ ಕಾಣೆಯಾದ ವರ್ಷವೇ ಹುಟ್ಟಿದವನು.

“ಅಂಕಲ್, ಮಮ್ಮೀಕೋ ಆಪ್ ಹೀ ಸಮಝಾವೋ ನಾ, ನೀವೇ ಹೇಳಿ. ಚಾಳು ಡೇಂಜರ್ ಅಂತ ನೋಟೀಸ್ ಬಂದಿದೆ. ಮೊನ್ನೆ ಜೀನಾದ ಮೆಟ್ಟಿಲು ಕುಸೀತು. ಸಗಳೇ ಗೇಲೇ, ಎಲ್ಲಾ ಬಿಟ್ಟು ಹೋದ್ರು, ಅವಳೊಬ್ಬಳೇ ಉಳಿದದ್ದು. ನನ್ನ ಫ್ಲ್ಯಾಟಿಗೆ ಬಾ ಅಂದ್ರೆ, ದಿಲೀಪನಿಗೆ ಈ ಮನೆಯ ಪತ್ತಾ ಒಂದೇ ಗೊತ್ತು ಅಂತಾಳೆ.”

ವಾಸು ಎದ್ದು ಬಾಗಿ ಅಕ್ಕನ ಬಳಿಗೆ ನಡೆದ. ಇನ್ನೂ ಬಾಯಿ ಮುಚ್ಚಿಕೊಂಡಿದ್ದರೆ ಆ ಮಹಡಿ ಈ ಹೆಂಗಸಿನ ಮೈಮೇಲೆ ಬೀಳುವುದು ಗ್ಯಾರಂಟಿ.

ಅಷ್ಟರಲ್ಲಿ ಬಾಗಿ ಅಕ್ಕ ಯಜ್ಞೇಶ್ವರನಿಂದ ಆ ದಿನದ ಪುಟ ತೆಗೆಸಿ, ಹಾಳೆಯ ಮೇಲೆ ಬೆರಳಿಟ್ಟು ಕೂತಿದ್ದಳು.

“ನೋಡು ವಾಸು, ಬಂದಿದ್ದಾನೆ. ಶಾಲೆಗೆ ಬಂದವ ಮತ್ತೆ ಎಲ್ಲಿಗೆ ಹೋದ ಹೇಳು? ಬೆಳಿಗ್ಗೆ ನಾನು ಬೈದಿದ್ದೆ. ಓದಿ ಕಡಿದು ಕಟ್ಟೆ ಹಾಕಿದ್ದು ಸಾಕು ಅಂದಿದ್ದೆ. ಅದೇ ಸಿಟ್ಟಿಗೆ ಹೋದದ್ದು ಅವ.”

“ಅಲ್ಲ ಬಾಗಿ ಅಕ್ಕ. ಅವ ಬರ್ಲಿಲ್ಲ. ಅದು ನಾನು ಹೇಳಿದ್ದು.”

“ಎಂತ ಹೇಳಿದ್ದು?”

ವಾಸು ಕಣ್ಣು ಮುಚ್ಚಿ, ದಿಲೀಪನ ಹದಿನೇಳರ ಒಡಕು ಸ್ವರದಲ್ಲಿ, ಸ್ವಲ್ಪ ಮೂಗಿನಿಂದ, “ಹಾಜರ್ ಸಾರ್” ಎಂದ.

ಬಾಗಿ ಅಕ್ಕ ಧಡಕ್ಕನೆ ಎದ್ದು ಹಿಂದೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ತಿರುಗಿ ವಾಸುವಿನ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೂತಳು. ಅವನು ಹಳಿ, ಕಂಪಾಸ್ ಬಾಕ್ಸ್, ಪರೀಕ್ಷೆಯ ಹೆದರಿಕೆ ಎಲ್ಲವನ್ನೂ ಹೇಳಿದ. ಯಜ್ಞೇಶ್ವರ ಪುಸ್ತಕ ಮುಚ್ಚಲು ಹೋದರೆ ಅವಳು ಬಿಡಲಿಲ್ಲ.

“ಪ್ರತಿ ಮಹಾಲಯಕ್ಕೂ ಸತ್ತವರಿಗೆಲ್ಲ ಎಲೆ ಹಾಕಿದೆ,” ಎಂದಳು ಕೊನೆಗೆ. “ಅಪ್ಪನಿಗೆ, ಅಮ್ಮನಿಗೆ, ನಮ್ಮ ಮನೆಯವರಿಗೆ. ದಿಲೀಪನೊಬ್ಬನಿಗೆ ಹಾಕ್ಲಿಲ್ಲ. ಬದುಕಿದವನ ಹೆಸರಿಗೆ ಹಾಕ್ಬಾರದು ಅಂತ. ಮೂವತ್ತೆಂಟು ವರ್ಷ ನನ್ನ ತಮ್ಮ ಬಾಗಿಲಲ್ಲಿ ಹಸಿದು ನಿಂತಿದ್ದ ಅಲ್ವೋ ವಾಸು?”

ವಾಸು ಅವಳ ಕಾಲ ಬಳಿ ಕುಸಿದು ಕೂತು ಅತ್ತ. ಅವಳು ಅವನನ್ನು ಎಬ್ಬಿಸಲೂ ಇಲ್ಲ, ಬೈಯಲೂ ಇಲ್ಲ.

“ಮನೀಶ್, ಟೆಂಪೋಗೆ ಹೇಳು. ನಾಳೆ ಖೋಲಿ ಖಾಲಿ ಮಾಡುವ,” ಎಂದಳು. ಹೊರಟವಳು ಬಾಗಿಲಲ್ಲಿ ತಿರುಗಿ ನಿಂತಳು.

“ಮುಂದಿನ ಭಾನುವಾರ ಮಹಾಲಯ. ಮಗನ ಮನೆಯಲ್ಲಿ ಅವನಿಗೆ ಎಲೆ ಹಾಕಿ, ಊಟಕ್ಕೆ ಬಾ ಅಂತ ಹೆಸರು ಕರೀತೇನೆ. ನೀನೂ ಬಾ. ಆದ್ರೆ ನಾನು ಕರೆಯುವಾಗ ಅವನ ಬದಲಿಗೆ ನೀನು ಉತ್ತರ ಕೊಡ್ಬೇಡ.”