ಸೋಮವಾರ ಸೋಮವಾರ ಬರುತ್ತಿದ್ದ ಬಾಯಿ

ಇದು ನಡೆದದ್ದು 1978ರಲ್ಲಿ. ಎಪ್ಪತ್ತೊಂಬತ್ತೂ ಇರಬಹುದು. ಆಗ ನಾನು ಭಟ್ಕಳ, ಹೊನ್ನಾವರ, ಕುಮಟಾ ಈ ಮೂರರಲ್ಲಿ ಒಂದು ಊರಿನ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಯಾವ ಊರು ಎಂದು ಖಚಿತವಾಗಿ ಹೇಳಲಾರೆ. ಮುಂದೆ ಮೂರೂ ಕಡೆ ಕೆಲಸ ಮಾಡಿದ್ದರಿಂದ ನೆನಪುಗಳು ಒಂದರೊಳಗೊಂದು ಸೇರಿಹೋಗಿವೆ. ಒಂದು ಕಚೇರಿಯ ಮೇಜು ಇನ್ನೊಂದು ಕಚೇರಿಯ ಕಿಟಕಿಯ ಪಕ್ಕ ಹೋಗಿ ಕೂತಿದೆ. ಮುಂದೆ ಹೇಳಲಿರುವ ತಪ್ಪು ಮಾತ್ರ ನನ್ನದು, ಅದರಲ್ಲಿ ಅನುಮಾನವಿಲ್ಲ.

ನಮ್ಮದು ಮುಟ್ಟಳ್ಳಿ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿ ಎಂ.ಎ. ಮಾಡಿದ್ದೆ. ಕಾಲೇಜಿನಲ್ಲಿ ಪಾಠ ಹೇಳಬೇಕೆಂದು ಎರಡು ವರ್ಷ ಅಲೆದು, ಎಲ್ಲೂ ಸಿಗದೆ ಈ ಕುರ್ಚಿಗೆ ಬಂದಿದ್ದೆ. ಮನಸ್ಸು ಕುರ್ಚಿಯಲ್ಲಿರಲಿಲ್ಲ. ಪೇಪರಿನಲ್ಲಿ ಬೇರೆ ಕೆಲಸದ ಜಾಹೀರಾತು ಹುಡುಕುವುದು, ಚಹಾದ ಹೊತ್ತಿಗೆ ದೇವರಿಲ್ಲವೆಂದು ವಾದಿಸುವುದು, ಇವೆರಡೇ ನನಗೆ ರುಚಿಸುತ್ತಿದ್ದವು. ನಮ್ಮ ಹೆಡ್‌ಕ್ಲರ್ಕ್ ಮಾತ್ರ ಯಾವ ವಾದಕ್ಕೂ ಸಿಗುತ್ತಿರಲಿಲ್ಲ. "ಎಂ.ಎ. ಸಾಹೇಬ್ರು ಹೇಳಿದ ಮೇಲೆ ಆತು, ದೇವರು ಇಲ್ಲ. ಈಗ ಆ ಫೈಲು ಕೊಡಿ" ಎನ್ನುತ್ತಿದ್ದರು.

ಗೇಣಿಗೆ ಭೂಮಿ ಮಾಡುತ್ತಿದ್ದವರಿಗೇ ಅದು ಸೇರಬೇಕೆಂಬ ಕಾನೂನು ಬಂದ ಕಾಲ ಅದು. ಅವಧಿಯೊಳಗೆ ಅರ್ಜಿ ಹಾಕಿದವರನ್ನು ಒಬ್ಬೊಬ್ಬರಾಗಿ ಕರೆದು ನ್ಯಾಯಮಂಡಳಿ ವಿಚಾರಣೆ ನಡೆಸುತ್ತಿತ್ತು. ಅರ್ಜಿಗಳನ್ನು ಊರುವಾರು ಕೆಂಪು ಬಟ್ಟೆಯಲ್ಲಿ ಕಟ್ಟಿ ಕಪಾಟಿನ ತುಂಬ, ಕಪಾಟಿನ ಮೇಲೆ, ನೆಲದ ಮೇಲೆ ಪೇರಿಸಿಟ್ಟಿದ್ದರು. ಆ ಕಟ್ಟುಗಳು ನನ್ನ ವಶದಲ್ಲಿದ್ದವು.

ಒಂದು ಸೋಮವಾರ ಮರ್ಸೆಲಿನ್ ಬಾಯಿ ಬಂದರು. ಹೊಳೆಯಾಚೆಯ ಕ್ರಿಶ್ಚಿಯನ್ ಕೇರಿಯವರು, ಐವತ್ತರ ಆಸುಪಾಸಿನ ವಿಧವೆ. ಆ ಕೇರಿಯ ಹೆಂಗಸರನ್ನು ಬಾಯಿ ಎಂದೇ ಕರೆಯುವುದು ನಮ್ಮ ಕಡೆಯ ರೂಢಿ. ಕೊರಳಲ್ಲಿ ಕಪ್ಪು ದಾರದಲ್ಲಿ ಸಣ್ಣ ಶಿಲುಬೆ. ದೋಣಿ ಇಳಿದು ನಡೆದು ಬಂದದ್ದರಿಂದ ಸೀರೆ ಮೊಣಕಾಲಿನ ತನಕ ಒದ್ದೆಯಾಗಿತ್ತು.

"ಸಾಹೇಬ್ರೆ, ನನ್ನ ಗಂಡ ಕೈತಾನ ಅರ್ಜಿ ಹಾಕಿದ್ದ. ಅವ ತೀರ್ಕೊಂಡ. ವಿಚಾರಣೆಗೆ ನಮ್ಮ ಹೆಸ್ರು ಬರಲೇ ಇಲ್ಲ. ಜಾಗದ ಒಡೆಯರು ಅರ್ಜಿ ಇಲ್ಲ ಅಂತಾರೆ."

ನಾನು ರಿಜಿಸ್ಟರು ತೆಗೆದು ಬೆರಳಾಡಿಸಿದೆ. ಕೈತಾನನ ಹೆಸರಿರಲಿಲ್ಲ.

"ರಸೀದಿ ಇದ್ಯಾ ಬಾಯಿ?"

"ಇದೆ."

"ತೋರ್ಸಿ."

"ತೋರ್ಸೂಕೆ ಆಗೂದಿಲ್ಲ. ಅದು ಅವನ ಹತ್ರವೇ ಇದೆ."

ಹೆಡ್‌ಕ್ಲರ್ಕ್ ಕನ್ನಡಕ ಹಣೆಗೇರಿಸಿದರು. "ಎಂತ ಬಾಯಿ, ಸತ್ತವನ ಹತ್ರ ರಸೀದಿಯಾ?"

ಬಾಯಿ ವಿವರಿಸಿದರು. ಕೈತಾನನಿಗೆ ಇದ್ದದ್ದು ಒಂದೇ ಕೋಟು, ಮದುವೆಗೆ ಹೊಲಿಸಿದ್ದು. ಸರ್ಕಾರದ ಕಚೇರಿಗೆ ಹೋಗುವುದೆಂದರೆ ಸಣ್ಣ ಸಂಗತಿಯಲ್ಲವೆಂದು ಅರ್ಜಿ ಕೊಡಲು ಆ ಕೋಟು ಹಾಕಿಕೊಂಡೇ ಬಂದಿದ್ದ. ರಸೀದಿಯನ್ನು ಮಡಚಿ ಒಳಕಿಸೆಯಲ್ಲಿಟ್ಟ. ಮನೆಗೆ ಬಂದವನು ಕೋಟನ್ನು ಪೆಟ್ಟಿಗೆಗೆ ಹಾಕಿದ. ಮುಂದಿನ ಮಳೆಗಾಲ ಜ್ವರದಲ್ಲಿ ಹೋಗಿಬಿಟ್ಟ. ಅವರಲ್ಲಿ ಸತ್ತವರಿಗೆ ಇದ್ದುದರಲ್ಲೇ ಒಳ್ಳೆಯ ಬಟ್ಟೆ ತೊಡಿಸಿ ಮಣ್ಣು ಮಾಡುವುದು ರೂಢಿ. ಕೈತಾನನಿಗೆ ಮದುವೆಯ ಕೋಟು ಹಾಕಿದರು. ಸತ್ತ ತಿಂಗಳಿಗೆ ಮಾಡಿಸುವ ಪೂಜೆಯ ದಿನ ಚರ್ಚಿನಲ್ಲಿ ಮೊಣಕಾಲೂರಿದ್ದಾಗ ಬಾಯಿಗೆ ರಸೀದಿಯ ನೆನಪಾಯಿತು.

"ಪಾದ್ರಿಗಳ ಹತ್ರ ಹೇಳಿದೆ, ಗುಂಡಿ ಸ್ವಲ್ಪ ತೆಗೆಸೂಕೆ ಆಗ್ತದಾ ಅಂತ. ಅವ್ರು ನನ್ನ ಮೋರೆ ನೋಡಿದ್ರು, ಒಳಗೆ ಹೋದ್ರು. ಅದೂ ಸಮಾ. ಆ ಮಳೆಗೆ ಕಾಗದ ಎಲ್ಲಿ ಉಳೀತದೆ. ಈಗ ನಿಮ್ಮ ಹತ್ರ ಇರೂ ಅರ್ಜಿ ಒಂದೇ."

ಅವರ ಜಾಗವೆಂದರೆ ಹದಿನೆಂಟು ತೆಂಗಿನಮರ, ನಡುವೆ ಒಂದು ಹೆಂಚಿನ ಮನೆ. ಮರಗಳನ್ನು ನೆಟ್ಟದ್ದು ಗಂಡ ಹೆಂಡತಿಯೇ. ಮನೆಯಲ್ಲಿ ಬಾಯಿ ಮತ್ತು ಹಾಸಿಗೆ ಹಿಡಿದ ಅತ್ತೆ ಇದ್ದರು. ಆ ಊರಿನ ವಿಚಾರಣೆಗಳು ಮುಗಿದರೆ ಜಾಗಕ್ಕೆ ಬೇಲಿ ಹಾಕಲು ಒಡೆಯರ ಕಡೆಯವರು ಆಗಲೇ ಕಲ್ಲುಕಂಬ ತಂದು ಅಂಗಳದಲ್ಲಿ ಹಾಕಿದ್ದರು.

"ಹುಡುಕ್ತೇನೆ, ಬರುವ ಸೋಮವಾರ ಬನ್ನಿ" ಎಂದೆ. ಎದ್ದು ಹೋಗಲಿ ಎಂದು ಹೇಳಿದ ಮಾತು ಅದು.

ಬರುವ ಸೋಮವಾರ ಅವರು ಬಂದರು. "ಸಿಕ್ತಾ ಸಾಹೇಬ್ರೆ?" "ಹುಡುಕಿದೆ ಬಾಯಿ, ಸಿಗ್ಲಿಲ್ಲ." "ಆತು. ಮುಂದಿನ ಸೋಮವಾರ ಬರ್ತೆ." ನಾನು ಒಂದು ಕಟ್ಟನ್ನೂ ಬಿಚ್ಚಿರಲಿಲ್ಲ. ಮುಂದಿನ ಸೋಮವಾರವೂ ಇದೇ ಪ್ರಶ್ನೆ, ಇದೇ ಉತ್ತರ, ಅದರ ಮುಂದಿನ ಸೋಮವಾರವೂ. ನನ್ನ ನೆನಪಿನ ಪ್ರಕಾರ ಇಪ್ಪತ್ತೇಳು ವಾರ. ಹೆಡ್‌ಕ್ಲರ್ಕ್ ಆಮೇಲೆ ಯಾವಾಗಲೋ "ಹನ್ನೆರಡೋ ಹದಿಮೂರೋ ಇರ್ಬೇಕು ಮಾರಾಯ" ಎಂದಿದ್ದರು. ಇಪ್ಪತ್ತೇಳು ಎಂಬ ಸಂಖ್ಯೆ ನನ್ನ ತಲೆಗೆ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ.

ಅವರು ಅಳುತ್ತಿರಲಿಲ್ಲ. ಅಂಗಲಾಚುತ್ತಿರಲಿಲ್ಲ. ಮೇಜಿನ ಮೇಲೆ ಎಂದೂ ಏನನ್ನೂ ತಂದಿಟ್ಟವರಲ್ಲ. ಬಂದು ಕೇಳಿ, ಉತ್ತರ ಪಡೆದು, ಹೊರಗಿನ ಬೆಂಚಿನಲ್ಲಿ ಸ್ವಲ್ಪ ಕೂತು ದಣಿವಾರಿಸಿಕೊಂಡು ಹೋಗುತ್ತಿದ್ದರು. ಅಷ್ಟಕ್ಕೇ ನನಗೆ ಭಾನುವಾರ ಸಂಜೆಯಿಂದಲೇ ಕಿರಿಕಿರಿ ಶುರುವಾಗುತ್ತಿತ್ತು.

ಒಮ್ಮೆ ತಡೆಯಲಾರದೆ ಹೇಳಿದೆ, "ಬಾಯಿ, ಇಲ್ಲದ್ದನ್ನ ಎಷ್ಟು ಸಲ ಕೇಳ್ತೀರಿ? ನಿಮ್ಗೆ ಯಾರು ಹೇಳಿದ್ರು ಹೀಗೆ ಬರೂಕೆ?"

"ಪಾದ್ರಿಗಳು ಹೇಳಿದ್ರು" ಎಂದರು ಬಾಯಿ. "ನಂಗೆ ಅಂತಲ್ಲ. ಚರ್ಚಲ್ಲಿ ಎಲ್ಲರಿಗೂ ಒಂದು ಕತೆ ಹೇಳಿದ್ರು. ಒಂದೂರಲ್ಲಿ ಒಬ್ಬ ಜಡ್ಜ ಇದ್ನಂತೆ. ದೇವರಿಗೆ ಹೆದರೂದಿಲ್ಲ, ಜನಕ್ಕೆ ನಾಚೂದಿಲ್ಲ. ನನ್ನ ಹಾಂಗೇ ಒಬ್ಳು ಗಂಡ ಸತ್ತವಳು ಹೋಗಿ ಹೋಗಿ ನ್ಯಾಯ ಕೇಳಿದ್ಲಂತೆ. ಕಡೆಗೆ ಅವನಿಗೇ ಸಾಕಾಗಿ, ಇವಳ ಕಾಟ ತಪ್ಲಿ ಅಂತ ಕೊಟ್ನಂತೆ. ಅಂಥವನೇ ಕೊಟ್ಟ ಮೇಲೆ ದೇವರು ಕೊಡೂದಿಲ್ವಾ, ಕೇಳೂದು ಬಿಡ್ಬೇಡಿ ಅಂದ್ರು."

ಹೆಡ್‌ಕ್ಲರ್ಕ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಗಾದ್ರೆ ಆ ಜಡ್ಜ ನಮ್ಮ ಎಂ.ಎ. ಸಾಹೇಬ್ರೇ ಆತು."

"ಅಲ್ಲಪ್ಪ, ಇವ್ರು ಒಳ್ಳೆಯವ್ರು" ಎಂದರು ಬಾಯಿ. "ಮೋರೆ ಎತ್ತಿ ನೋಡೂದಿಲ್ಲ, ಅಷ್ಟೇ."

ನನಗೆ ಸಿಟ್ಟು ಬಂತು. ಧಾರವಾಡದ ಹಾಸ್ಟೆಲಿನಲ್ಲಿ ಗೆಳೆಯರ ಮೇಲೆ ಬಿಡುತ್ತಿದ್ದ ಪ್ರಶ್ನೆಯನ್ನೇ ಅವರ ಮೇಲೂ ಬಿಟ್ಟೆ. "ನಿಮ್ಮ ದೇವರಿಗೆ ಎಲ್ಲಾ ಗೊತ್ತಲ್ವಾ? ಒಂದು ಸಲ ಕೇಳಿದ್ರೆ ಸಾಲದಾ? ಅವನಿಗೇನು ಮರೆವಾ?"

"ಅವನಿಗಲ್ಲ ಸಾಹೇಬ್ರೆ, ಮರೆವು ನಂಗೆ. ಎರಡು ದಿನ ಕೇಳದೆ ಇದ್ರೆ, ಕೊಡುವವನೊಬ್ಬ ಇದ್ದಾನೆ ಅನ್ನೂದೇ ಮರ್ತು ಹೋಗ್ತದೆ. ಆಗ ಆ ಕಲ್ಲುಕಂಬ ಮಾತ್ರ ಕಾಣ್ತದೆ." ಹೇಳಿ ಬಾಯಿ ಎದ್ದರು. ನನ್ನ ಬಳಿ ಇನ್ನೂ ಎರಡು ಮೂರು ವಾದಗಳಿದ್ದವು. ಅವನ್ನು ಬಿಟ್ಟು ಪೇಪರು ಎತ್ತಿಕೊಂಡೆ.

ಆಮೇಲೊಂದು ಸೋಮವಾರ, ಎಂದಿನಂತೆ "ಇಲ್ಲ ಬಾಯಿ" ಎಂದ ಮೇಲೆ ಅವರು ಹೊರಡಲಿಲ್ಲ. "ನಿಮ್ಮ ಹೆಸ್ರು ಎಂತ?" ಎಂದು ಕೇಳಿದರು.

"ಯಾಕೆ?"

"ಸಂಜೆ ನಮ್ಮ ಕೇರಿಯವ್ರು ಎಲ್ಲಾ ಸೇರಿ ತೇರ್ಸು ಮಾಡ್ತೇವೆ, ಜಪಮಾಲೆ. ಕೈತಾನನ ಅರ್ಜಿ ಸಿಗ್ಲಿ ಅಂತ ದಿನಾ ಬೇಡೂದು. ಈಗ ಒಂದು ತಿಂಗಳಿಂದ ನಿಮ್ಗೂ ಬೇಡ್ತೇವೆ. ಇಷ್ಟು ಹುಡುಕ್ತಾರೆ ಪಾಪ, ಅವರ ಕಣ್ಣಿಗೆ ಕಾಗದ ಬೀಳ್ಲಿ ಅಂತ. ಹೆಸ್ರು ಗೊತ್ತಿಲ್ಲ. ಆಫೀಸಿನ ಸಾಹೇಬ್ರು ಅಂತ ಹೇಳೂದು. ಹೆಸ್ರು ಹೇಳಿ ಬೇಡೂದು ಒಳ್ಳೇದಲ್ವಾ?"

ನಾನು ಹೆಸರು ಹೇಳಿದೆ.

ಅವರು ಹೋದ ಮೇಲೆ ಪೇಪರು ಬಿಡಿಸಿದೆ, ಓದಲಾಗಲಿಲ್ಲ. ಒಂದು ಕೇರಿಗೆ ಕೇರಿಯೇ, ಮೀನು ಮಾರಿ ಬಂದ ಹೆಂಗಸರು, ಗಾರೆ ಕೆಲಸ ಮುಗಿಸಿ ಬಂದ ಗಂಡಸರು, ಮೊಣಕಾಲೂರಿ ನನ್ನ ಕಣ್ಣಿಗಾಗಿ ಬೇಡಿಕೊಳ್ಳುತ್ತಿದ್ದರು. ಆ ಕಣ್ಣುಗಳು ಒಂದು ಕಟ್ಟನ್ನೂ ನೋಡಿರಲಿಲ್ಲ. ದೇವರಿದ್ದರೆ ಅವನಿಗೆ ಇದು ಗೊತ್ತು. ಇಲ್ಲದಿದ್ದರೆ ನನಗಂತೂ ಗೊತ್ತಿತ್ತು. ಅಂದು ಮಧ್ಯಾಹ್ನ ಅಂಗಿಯ ತೋಳು ಮಡಚಿ ಮೊದಲ ಕಟ್ಟು ಬಿಚ್ಚಿದೆ.

"ಎಂತ ಸಾಹೇಬ್ರೆ, ಮೈಗೆ ಹುಷಾರಿಲ್ವಾ?" ಎಂದರು ಹೆಡ್‌ಕ್ಲರ್ಕ್.

ಬಾಯಿಯ ಊರಿನ ಕಟ್ಟಿನಲ್ಲಿ ಅದು ಇರಲಿಲ್ಲ. ಪಕ್ಕದ ಊರುಗಳ ಕಟ್ಟುಗಳಲ್ಲೂ ಇರಲಿಲ್ಲ. ಧೂಳಿಗೆ ಸೀನುತ್ತ, ಒಂದೊಂದು ಅರ್ಜಿಯನ್ನೂ ಮಗುಚುತ್ತ ಹೋದೆ. ಕೆಲವು ಕಟ್ಟುಗಳಿಗೆ ಗೆದ್ದಲು ಹಿಡಿದಿತ್ತು. ಅವನ್ನು ಹಾಳೆ ಹಾಳೆಯಾಗಿ ಬಿಡಿಸಿ ನೋಡಿದೆ. ಇಷ್ಟು ದಿನ ನಾನು ಕೂತಲ್ಲೇ ಕೂತಿದ್ದಾಗ ಗೆದ್ದಲು ಸುಮ್ಮನೆ ಕೂತಿರಲಿಲ್ಲವಲ್ಲ. ಶುಕ್ರವಾರವೋ ಶನಿವಾರವೋ, ಹೊಳೆಯಿಂದ ತುಂಬ ದೂರದ ಒಂದು ಊರಿನ ಕಟ್ಟಿನಲ್ಲಿ ಅದು ಸಿಕ್ಕಿತು. ಅದೇ ಒಡೆಯರ ಮೇಲೆ ಅದೇ ದಿನ ಬೇರೆ ಯಾರೋ ಹಾಕಿದ್ದ ಅರ್ಜಿಯ ಬೆನ್ನಿಗೆ ಇದನ್ನೂ ಸೇರಿಸಿ ಒಂದೇ ದಾರದಲ್ಲಿ ಹೊಲಿದಿದ್ದರು. ರಿಜಿಸ್ಟರಿನಲ್ಲಿ ಮೇಲಿದ್ದ ಅರ್ಜಿಯ ಹೆಸರು ಮಾತ್ರ ಏರಿತ್ತು. ಕೊನೆಯಲ್ಲಿ ಕೈತಾನನ ಹೆಬ್ಬೆಟ್ಟು, ಶಾಯಿ ಸ್ವಲ್ಪ ಹರಡಿತ್ತು. ಕೋಟು ಹಾಕಿಕೊಂಡು ನಿಂತು ಒತ್ತಿದ ಹೆಬ್ಬೆಟ್ಟು.

ಸೋಮವಾರದ ತನಕ ಕಾಯಲು ಆಗಲಿಲ್ಲ. ಅದೇ ಸಂಜೆ ದೋಣಿ ಹತ್ತಿ ಹೊಳೆ ದಾಟಿದೆ. ಆ ಕೇರಿಗೆ ನಾನು ಹೋದದ್ದು ಅದೇ ಮೊದಲು. ಮನೆ ಕೇಳಬೇಕಾಗಲಿಲ್ಲ, ಅಂಗಳದಲ್ಲಿ ಕಲ್ಲುಕಂಬಗಳು ಬಿದ್ದಿದ್ದವು. ಒಳಗೆ ತೇರ್ಸು ನಡೆದಿತ್ತು. ಮೇಣದಬತ್ತಿಯ ಮುಂದೆ ಹತ್ತು ಹನ್ನೆರಡು ಜನ ಕೊಂಕಣಿಯಲ್ಲಿ ಒಂದೇ ದನಿಯಲ್ಲಿ ಹೇಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ತಡೆಯಲಾರದೆ "ಬಾಯಿ, ಸಿಕ್ತು" ಎಂದೆ.

ಬಾಯಿ ತಿರುಗಿ ನೋಡಿದರು. ಜಪಸರ ಹಿಡಿದ ಕೈಯನ್ನು ಸ್ವಲ್ಪ ಎತ್ತಿ ನಿಲ್ಲುವಂತೆ ಸನ್ನೆ ಮಾಡಿದರು. ಮತ್ತೆ ಆ ಕಡೆ ತಿರುಗಿ ಜಪ ಮುಂದುವರಿಸಿದರು. ಯಾರೂ ಏಳಲಿಲ್ಲ. ತಿಂಗಳುಗಟ್ಟಲೆ ಬೇಡಿದ್ದು ಬಾಗಿಲಿಗೆ ಬಂದು ನಿಂತಿದ್ದರೂ ಅವರು ಒಂದು ಮಣಿಯನ್ನೂ ಬಿಡದೆ ಕೊನೆಯ ತನಕ ಹೇಳಿದರು. ನಡುವೆ ಒಂದು ಕಡೆ, ಪರಿಚಯವಿಲ್ಲದ ಆ ಮಾತುಗಳ ನಡುವೆ, ನನ್ನ ಹೆಸರು ಕೇಳಿಸಿತು. ಅಲ್ಲಿ ನಿಂತಿರಲು ನಾಚಿಕೆಯಾಯಿತು, ಹೊರಡಲೂ ಆಗಲಿಲ್ಲ.

ಮುಗಿಸಿ ಎದ್ದು ಬಂದ ಬಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. ಆಗಲೂ ಅಳಲಿಲ್ಲ. ಒಳಗಿನ ಅತ್ತೆಗೆ ಕೊಂಕಣಿಯಲ್ಲಿ ಏನೋ ಕೂಗಿ ಹೇಳಿದರು. ಅತ್ತೆ ಮಲಗಿದ್ದಲ್ಲಿಂದಲೇ ಏನೋ ಅಂದರು, ಎಲ್ಲರೂ ನಕ್ಕರು. "ಕೋಟು ಹಾಕಿ ಹೋದ್ರೆ ಕೆಲಸ ಆಗ್ತದೆ ಅಂತ ಮಗ ಹೇಳಿದ್ದು ಸುಳ್ಳಾಗ್ಲಿಲ್ಲ ಅಂತಾರೆ" ಎಂದು ಬಾಯಿಯೇ ತಿಳಿಸಿದರು.

ದೋಣಿಯ ತನಕ ಬಿಡಲು ಅವರು ಜೊತೆಗೆ ಬಂದರು. ದಾರಿಯಲ್ಲಿ ನಾನು ಹೇಳಿದೆ, "ಬಾಯಿ, ಒಂದು ಮಾತು. ಇಷ್ಟು ದಿನ ನಾನು ಹುಡುಕಿರಲೇ ಇಲ್ಲ. ಸುಳ್ಳು ಹೇಳ್ತಿದ್ದೆ."

"ಗೊತ್ತಿತ್ತು" ಎಂದರು ಬಾಯಿ. "ಕಟ್ಟಿನ ಮೇಲೆ ಧೂಳು ಹಾಂಗೇ ಇರ್ತಿತ್ತಲ್ಲ."

"ಗೊತ್ತಿದ್ದೂ ಯಾಕೆ ಬರ್ತಿದ್ರಿ?"

"ನೀವು ಹುಡುಕಿದ್ರೆ ನಾನು ಬರೂದೆಂತಕ್ಕೆ?"

ಮರು ತಿಂಗಳು ವಿಚಾರಣೆ ಆಯಿತು. ಹದಿನೆಂಟು ಮರ ಮತ್ತು ಮನೆ ಬಾಯಿಯ ಹೆಸರಿಗಾದವು. ಕಲ್ಲುಕಂಬಗಳನ್ನು ಒಡೆಯರ ಕಡೆಯವರೇ ಗಾಡಿ ತಂದು ಸಾಗಿಸಿದರಂತೆ.

ಇದಕ್ಕೆ ದೇವರು ಬೇಕಿಲ್ಲ ಎಂದು ಇಂದಿಗೂ ವಾದಿಸಬಲ್ಲೆ. ಒಬ್ಬ ಸೋಮಾರಿ ಗುಮಾಸ್ತ, ಛಲ ಬಿಡದ ಒಬ್ಬ ಹೆಂಗಸು, ಇಷ್ಟು ಸಾಕು. ಆದರೆ ಅವರು ಬಿಡದೆ ಕೇಳುತ್ತಿದ್ದದ್ದು ನನ್ನನ್ನಲ್ಲ, ನನ್ನ ಹಿಂದೆ ನಿಂತ ಇನ್ಯಾರನ್ನೋ. ನನ್ನ "ಇಲ್ಲ" ಅವರಿಗೆ ಅದಕ್ಕೇ ಕೊನೆಯ ಮಾತಾಗಲಿಲ್ಲ. ನನ್ನೊಬ್ಬನನ್ನೇ ನಂಬಿ ಬಂದಿದ್ದರೆ ಮೂರನೆಯ ವಾರಕ್ಕೇ ನಿಲ್ಲಿಸುತ್ತಿದ್ದರು. ಅಷ್ಟು ಗಟ್ಟಿಯಾಗಿ ಯಾವುದನ್ನಾದರೂ ಕೇಳುವ ಶಕ್ತಿ ನನಗೆ ಎಂದೂ ಬಂದಿಲ್ಲ. ನನ್ನ ಓದೆಲ್ಲ ಸೇರಿದರೂ ಆ ಹೆಂಗಸಿನ ಎದುರು ನಾನು ಸಣ್ಣವನು ಎಂದು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ.

ಒಂದೇ ಒಂದು ಕಾಡುತ್ತದೆ. ದೋಣಿಯ ದಾರಿಯಲ್ಲಿ ನಾನು ತಪ್ಪು ಒಪ್ಪಿಕೊಂಡದ್ದು ನಿಜವಾಗಿ ನಡೆಯಿತೋ, ಅಥವಾ ಹೇಳಬೇಕಾಗಿತ್ತು ಎಂದು ವರ್ಷಗಟ್ಟಲೆ ಅಂದುಕೊಂಡು ಅಂದುಕೊಂಡು ಹೇಳಿದಂತೆ ನೆನಪು ಮಾಡಿಕೊಂಡೆನೋ? ಬಾಯಿಯ ಉತ್ತರ ನನ್ನ ಕಿವಿಯಲ್ಲಿ ಸ್ಪಷ್ಟವಾಗಿದೆ, ಅಂಥ ಮಾತನ್ನು ಕಟ್ಟುವ ಬುದ್ಧಿ ನನಗಿಲ್ಲ. ಆದರೂ ಆಣೆಯಿಟ್ಟು ಹೇಳಲಾರೆ. ಕೇಳೋಣವೆಂದರೆ ಅವರು ಈಗಿಲ್ಲ. ಅದಕ್ಕೇ ಇದನ್ನು ಬರೆದು ಪತ್ರಿಕೆಗೆ ಕಳಿಸುತ್ತಿದ್ದೇನೆ. ಅಂದು ಹೇಳಿರದಿದ್ದರೆ ಇಂದಾದರೂ ಹೇಳಿದಂತಾಗಲಿ: ಬಾಯಿ, ನಾನು ಹುಡುಕಿರಲಿಲ್ಲ.