ಸೆಳೆತಕ್ಕೆ ಮರಾಠಿಯಲ್ಲಿ ಏನಂತಾರೆ?
ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದ ಮೂರನೆಯ ವರ್ಷ ನನಗೆ ಮೈನೋವು ಶುರುವಾಯಿತು. ತೊಂಬತ್ತರ ದಶಕದ ಮಾತು. ಭುಜ, ಸೊಂಟ, ಮೊಣಕಾಲು, ಎಲ್ಲ ಕಡೆ ಯಾರೋ ಒಳಗಿನಿಂದ ದಾರ ಹಿಡಿದು ಎಳೆದ ಹಾಗೆ. ನಮ್ಮ ಕಡೆ ಇದಕ್ಕೆ 'ಸೆಳೀತದ' ಅನ್ನುತ್ತಾರೆ. ಕಾತ್ರಜದ ನಮ್ಮ ಓಣಿಯ ಡಾಕ್ಟರ ಮುಂದೆ ಹಿಂದಿಯಲ್ಲಿ ಹೇಳಬಹುದಿತ್ತು. ಆದರೆ ಮರಾಠಿ ಕಲಿತಿದ್ದೇನೆಂಬ ಜಂಬ ನನಗೆ. ಸೆಳೆತ ಅಂದರೆ ಎಳೆತ, ಎಳೆತ ಅಂದರೆ ಓಢ ಎಂದುಕೊಂಡು, ನನಗೆ ಬಹಳ ಸೆಳೀತದ ಎನ್ನಲು "ಮಲಾ ಫಾರ ಓಢ ಲಾಗಲೀಯ" ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟು, ತವರಿಗೆ ಹೋಗಿ ಎಷ್ಟು ದಿನವಾಯಿತು ಎಂದು ಕೇಳಿದರು. ಎರಡು ವರ್ಷ ಎಂದೆ. ಪಕ್ಕದಲ್ಲಿದ್ದ ನಮ್ಮವರಿಗೆ, ಇವರನ್ನು ಒಂದು ತಿಂಗಳು ಕಳಿಸಿಕೊಡಿ ಎಂದರು. ಓಢ ಎಂಬ ಮಾತಿಗೆ ಮರಾಠಿಯಲ್ಲಿ ಹಂಬಲ ಎಂಬ ಅರ್ಥವಿದೆಯೆಂದು ಪಕ್ಕದ ಮನೆಯ ಅಜ್ಜಿ ನಕ್ಕು ಹೇಳಿದಾಗಲೇ ನನಗೆ ಗೊತ್ತಾದದ್ದು. ಮನೆಗೆ ಬಂದು ನಮ್ಮವರಿಗೆ ಹೇಳಿದೆ.

"ಬಾಯಿ ತಪ್ಪಿದಾಗನ ಖರೇ ಹೊರಗ ಬರ್ತದ" ಎಂದು ಅವರೂ ನಕ್ಕರು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಬಸ್ಸು ಹತ್ತಿದೆ. ಅವ್ವ ಔಡಲೆಣ್ಣೆ ತಿಕ್ಕಿ ಬಿಸಿನೀರು ಹಾಕಿದಳು. ಹಾಯೆನಿಸಿತು. ತಿಂಗಳು ಕಳೆದಾಗ ನೋವು ನನ್ನ ಜೋಡಿಯೇ ಪುಣೆಗೆ ತಿರುಗಿ ಬಂತು.

ಆಮೇಲೆ ರಕ್ತಪರೀಕ್ಷೆ, ಎಕ್ಸ್‌ರೇ. ಎಲ್ಲವೂ ನಾರ್ಮಲ್. ನೋವು ಎಂದಾಗಲೆಲ್ಲ ನಮ್ಮವರು "ಮತ್ತ ತವರಮನಿ ನೆನಪಾತೇನು?" ಎನ್ನುವರು. ಕೆಟ್ಟವರಲ್ಲ, ಚೇಷ್ಟೆ ಅಷ್ಟೇ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ನೋವು ಹೋಗದಿದ್ದರೂ ಸೈ, ಈ ಮನುಷ್ಯ ಒಮ್ಮೆ ನಂಬಿದರೆ ಸಾಕು ಅನ್ನಿಸುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕೀಲುನೋವಿನ ತಜ್ಞೆಯೊಬ್ಬರ ಹತ್ತಿರ ಹೋದೆವು. ನಾನು ಮರಾಠಿಯಲ್ಲಿ ತಡವರಿಸುವುದನ್ನು ನೋಡಿ ಅವರು, ನಿಮ್ಮ ಭಾಷೆಯಲ್ಲೇ ಹೇಳಿ, ಯಜಮಾನರು ತಿಳಿಸಿ ಹೇಳುತ್ತಾರೆ ಎಂದರು.

"ಸೆಳೀತದ. ಒಮ್ಮೊಮ್ಮೆ ಕಡೀತದ. ಮುಂಜಾನೆ ಎದ್ರ ರಾತ್ರಿ ಮಲಗೇ ಇಲ್ಲ ಅನಸ್ತದ" ಎಂದೆ.

ನಮ್ಮವರು ಮೊದಲನೆಯ ಮಾತಿಗೇ ನಿಂತರು. "ಸೆಳೆತಕ್ಕ ಮರಾಠಿಯೊಳಗ ಏನಂತಾರ?"

"ಓಢ ಅಂತ ಮಾತ್ರ ಹೇಳಬ್ಯಾಡ್ರಿ."

ನಮ್ಮವರು ನನ್ನ ಮುಖ ನೋಡಿದರು, ನಗಲಿಲ್ಲ. ತಮ್ಮದೇ ತೋಳನ್ನು ಹಿಡಿದು ಎಳೆದು ತೋರಿಸಿದರು.

ತಜ್ಞೆ ಅಲ್ಲಲ್ಲಿ ಒತ್ತಿ ನೋಡಿ, ಇದು ಫೈಬ್ರೊಮಯಾಲ್ಜಿಯಾ, ನೋವು ನಿಜವಾದದ್ದೇ, ಪರೀಕ್ಷೆಯಲ್ಲಿ ಕಾಣುವುದಿಲ್ಲ ಎಂದರು. ಬುಡಸಮೇತ ಕೀಳುವ ಮದ್ದಿಲ್ಲವಂತೆ. ನಿದ್ದೆ ಗಟ್ಟಿಯಾಗಲು ಒಂದು ಸಣ್ಣ ಗುಳಿಗೆ. ಹತ್ತು ನಿಮಿಷದಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸುವ ನಡಿಗೆ. ಮೈ ಹಗುರಾದ ದಿನ ವಾರದ ಕೆಲಸವನ್ನೆಲ್ಲ ಎಳೆದುಕೊಳ್ಳಬಾರದು. ಬಿಸಿನೀರಿನ ಸ್ನಾನವೂ ಇತ್ತು. ಡಾಕ್ಟರಿಕೆ ಓದದ ಅವ್ವನಿಗೆ ಅದು ಹೇಗೆ ಗೊತ್ತಿತ್ತೋ.

ಮರುದಿನ ಮುಂಜಾನೆ ನಮ್ಮವರೂ ಚಪ್ಪಲಿ ಮೆಟ್ಟಿ ನನ್ನ ಜೊತೆ ಹೊರಟರು. ಕಾತ್ರಜದ ಕೆರೆಯ ತನಕ ನಡೆದೆವು. ಆಮೇಲೆ ಮೆಲ್ಲಗೆ ಕೇಳಿದರು: "ಇವತ್ತ ಸೆಳೀತದೋ, ಕಡೀತದೋ?"

"ಸೆಳೀತದ್ರಿ" ಎಂದೆ.

ಅವರು ಹೆಜ್ಜೆ ನಿಧಾನ ಮಾಡಿದರು.